ಬೆಂಗಳೂರಿನ ಸುತ್ತ ಬಿಸಿನೀರ ಬುಗ್ಗೆ ಯಾಕಿಲ್ಲ?

ಅತ್ತಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೊ ಇಪ್ಪತ್ತು ಸೆಕೆಂಡಿನದು. ಕಲ್ಲು ಮೆಟ್ಟಿಲಿನ ಪುಟ್ಟ ಕಲ್ಯಾಣಿ, ನೀರಿನ ಮೇಲೆ ತೆಳ್ಳಗೆ ಹಬೆ, ಹಿಂದೆ ನಾದಸ್ವರ. ಕೆಳಗೆ ಬರಹ: ‘ಬೆಂಗಳೂರಿಂದ ಬರೀ ಎರಡು ಗಂಟೆ, ನೈಸರ್ಗಿಕ ಬಿಸಿನೀರ ಬುಗ್ಗೆ, ಮಂಡಿ ನೋವಿಗೆ ರಾಮಬಾಣ.’ ಅತ್ತಿಗೆಯ ಮಂಡಿ ನೋವಿಗೆ ಈಗ ನಾಲ್ಕು ವರ್ಷ. ‘ಭಾನುವಾರ ಹೋಗಿ ಬರೋಣಪ್ಪ, ಇಡ್ಲಿ ಕಟ್ಕೊಂಡು ಬರ್ತೀನಿ’ ಅಂದರು. ನನಗೆ ಅನುಮಾನವಿತ್ತು. ಆದರೆ ಇಡ್ಲಿ ಅಂದಮೇಲೆ ಅನುಮಾನ ಹೇಳಿ ಕೆಡಿಸುವುದು ಯಾಕೆ ಅಂತ ಸುಮ್ಮನಾದೆ. ಮೀನಿನ ತೊಟ್ಟಿಗೆ ಇಟ್ಟುಕೊಂಡಿದ್ದ ಥರ್ಮಾಮೀಟರನ್ನು ಮಾತ್ರ ಜೇಬಿಗೆ ಹಾಕಿಕೊಂಡೆ.

ಜನವರಿ ತಿಂಗಳು. ಮಾಗಡಿ ದಾಟಿ, ಎರಡು ಕಡೆ ದಾರಿ ತಪ್ಪಿ, ಆ ಹಳ್ಳಿ ತಲುಪಿದಾಗ ಏಳು ಗಂಟೆ. ಕಲ್ಯಾಣಿ ಇತ್ತು, ಹಬೆಯೂ ಇತ್ತು. ಮೂಲೆಯಲ್ಲಿ ಎರಡು ಕಲ್ಲುಗಳ ಸಂದಿಯಿಂದ ನೀರು ಒಸರುತ್ತಿತ್ತು. ಅತ್ತಿಗೆ ಅಲ್ಲಿ ಕೈ ಅದ್ದಿ ನನ್ನ ಕಡೆ ತಿರುಗಿ, ‘ನೋಡು, ಬೆಚ್ಚಗಿದೆ’ ಅಂದರು. ನಾನೂ ಅದ್ದಿದೆ. ನಿಜಕ್ಕೂ ಬೆಚ್ಚಗಿತ್ತು. ಥರ್ಮಾಮೀಟರ್ ಇಳಿಬಿಟ್ಟು ಎರಡು ನಿಮಿಷ ಕಾದೆ: 24.5 ಡಿಗ್ರಿ. ಹೊರಗಿನ ಗಾಳಿ 13. ಇಡ್ಲಿ ತಿಂದು, ದೇವಸ್ಥಾನ ನೋಡಿ, ಪಕ್ಕದ ಬೆಟ್ಟ ಅರ್ಧ ಹತ್ತಿ ಇಳಿದು, ಮಧ್ಯಾಹ್ನ ಒಂದು ಗಂಟೆಗೆ ಅದೇ ಸಂದಿಗೆ ಮತ್ತೆ ಕೈ ಅದ್ದಿದೆವು. ಈಗ ತಣ್ಣಗಿತ್ತು. ‘ಆರಿ ಹೋಗಿದೆ’ ಅಂದರು ಅತ್ತಿಗೆ. ಥರ್ಮಾಮೀಟರ್ ನೋಡಿದರೆ ಅದೇ 24.5.

ಬದಲಾಗಿದ್ದು ನಮ್ಮ ಕೈ. ನೆಲದ ಮೇಲ್ಪದರ ಬಿಸಿಲಿಗೆ ಕಾಯುತ್ತದೆ, ರಾತ್ರಿ ತಣಿಯುತ್ತದೆ. ಹತ್ತಾರು ಅಡಿ ಕೆಳಗೆ ಹೋದರೆ ಈ ಏರಿಳಿತ ಮುಟ್ಟುವುದಿಲ್ಲ. ಅಲ್ಲಿನ ಮಣ್ಣು, ಕಲ್ಲು, ನೀರು ಎಲ್ಲವೂ ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆಯ ಹತ್ತಿರವೇ ನಿಂತಿರುತ್ತವೆ. ಬೆಂಗಳೂರಿನ ಕಡೆ ಅದು ಸುಮಾರು 24 ಡಿಗ್ರಿ. ಜನವರಿ ಬೆಳಗಿನ ಚಳಿಗೆ ಮರಗಟ್ಟಿದ ಕೈಗೆ 24 ಡಿಗ್ರಿ ಬೆಚ್ಚಗೆ, ಬಿಸಿಲಲ್ಲಿ ಕಾದ ಕೈಗೆ ಅದೇ ನೀರು ತಂಪು. ಹಬೆಯ ಗುಟ್ಟೂ ಇದೇ: ನೀರಿಗಿಂತ ಗಾಳಿ ಹತ್ತು ಡಿಗ್ರಿ ತಣ್ಣಗಿದ್ದರೆ ನೀರಿನಿಂದೆದ್ದ ತೇವ ಅಲ್ಲೇ ಮಂಜುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಹಲಸೂರು ಕೆರೆಯ ಮೇಲೂ ಇಂಥ ಹಬೆ ಕಾಣಬಹುದು. ಅದನ್ನು ಯಾರೂ ಬಿಸಿನೀರ ಬುಗ್ಗೆ ಅನ್ನುವುದಿಲ್ಲ, ಸದ್ಯ.

ನಗರದ ಸುತ್ತಮುತ್ತ ‘ಬಿಸಿನೀರ ಬುಗ್ಗೆ’ ಅಂತ ಹರಿದಾಡುವ ವಿಡಿಯೊಗಳಲ್ಲಿ ಬಹುಪಾಲು ಈ ಜಾತಿಯವೇ. ಪರೀಕ್ಷೆ ಸುಲಭ. ಚಳಿಗಾಲದ ಬೆಳಿಗ್ಗೆ ಹೋಗಬೇಡಿ, ಏಪ್ರಿಲ್ ಮಧ್ಯಾಹ್ನ ಹೋಗಿ. ಆಗಲೂ ಕೈಗೆ ಬಿಸಿ ತಾಗಿದರೆ ಮಾತಾಡೋಣ. ಅದೂ ನಿಂತ ನೀರನ್ನಲ್ಲ, ಒಸರುವ ಬಾಯಲ್ಲೇ ಮುಟ್ಟಿ ನೋಡಬೇಕು. ಬಂಡೆಯ ಹೊಂಡದಲ್ಲಿ ನಿಂತ ನೀರು ಬಿಸಿಲಿಗೆ ತಾನಾಗಿ ಕಾದಿರುತ್ತದೆ, ಅದಕ್ಕೂ ಭೂಮಿಯ ಒಡಲಿಗೂ ಸಂಬಂಧವಿಲ್ಲ. ಬಿಸಿನೀರ ಬುಗ್ಗೆ ಅಂದರೆ ಎಷ್ಟು ಬಿಸಿ ಇರಬೇಕು ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಒಂದೇ ಗೆರೆ ಇಲ್ಲ. ಕೆಲವರು ಮೈ ಬಿಸಿಗಿಂತ, ಅಂದರೆ 37 ಡಿಗ್ರಿಗಿಂತ ಹೆಚ್ಚಿರಬೇಕು ಅನ್ನುತ್ತಾರೆ. ಇನ್ನು ಕೆಲವರಿಗೆ ಊರಿನ ಸರಾಸರಿಗಿಂತ ಐದೋ ಹತ್ತೋ ಡಿಗ್ರಿ ಹೆಚ್ಚಿದ್ದರೆ ಸಾಕು. ನಮ್ಮ ಮಾಗಡಿ ಕಡೆಯ ಕಲ್ಯಾಣಿ ಎರಡರಲ್ಲೂ ಫೇಲು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಷ್ಟು ದೂರದಲ್ಲಿ ಬೆಂಗಳೂರಿಗರಿಗೆ ನಿಜವಾದ ಬಿಸಿನೀರ ಬುಗ್ಗೆ ಇಲ್ಲ. ಮುಂಬೈಯವರಿಗೆ ಇದೆ: ವಜ್ರೇಶ್ವರಿ, ಗಣೇಶಪುರಿ, ಅಕ್ಲೋಳಿಗೆ ಅವರು ಬೆಳಿಗ್ಗೆ ಹೋಗಿ ಮಿಂದು ಸಂಜೆಗೆ ವಾಪಸ್ಸಾಗುತ್ತಾರೆ. ಭುವನೇಶ್ವರದವರಿಗೆ ಅತ್ರಿ ಇದೆ. ದೇಶದಲ್ಲಿ ಒಟ್ಟು ಮುನ್ನೂರಕ್ಕೂ ಹೆಚ್ಚು ಬಿಸಿನೀರ ಬುಗ್ಗೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗುರುತಿಸಿದೆ. ಅವುಗಳಲ್ಲಿ ಒಂದೂ ನಮ್ಮ ಕಡೆ ಯಾಕಿಲ್ಲ ಅನ್ನುವುದು ನನಗೆ ಬುಗ್ಗೆಗಿಂತ ಸ್ವಾರಸ್ಯದ ವಿಷಯ.

ಬಿಸಿನೀರ ಬುಗ್ಗೆ ಅಂದ ಕೂಡಲೇ ಜ್ವಾಲಾಮುಖಿ ನೆನಪಾಗುತ್ತದೆ. ಜಪಾನ್, ಐಸ್‌ಲ್ಯಾಂಡ್‌ಗಳ ಮಟ್ಟಿಗೆ ಅದು ಸರಿ. ಅಲ್ಲಿ ಕರಗಿದ ಕಲ್ಲು ಮೇಲಕ್ಕೇ ಬಂದು ಕೂತಿದೆ. ಭಾರತದಲ್ಲಿ ಈಗ ಜೀವಂತವಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದ್ದೊಂದೇ. ಆದರೂ ಬುಗ್ಗೆಗಳು ಮುನ್ನೂರಕ್ಕೂ ಹೆಚ್ಚು. ಇವುಗಳಿಗೆ ಕೆಂಡ ಬೇಕಿಲ್ಲ, ಆಳ ಸಾಕು. ಮಳೆ ನೀರು ಬಂಡೆಯ ಬಿರುಕಿನಲ್ಲಿ ಇಳಿಯುತ್ತದೆ. ಇಳಿದಷ್ಟೂ ಕಲ್ಲು ಬಿಸಿ. ಲೋಕದ ಸರಾಸರಿ ನೋಡಿದರೆ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ಒಂದೆರಡು ಕಿಲೋಮೀಟರ್ ಇಳಿದು ಕಾದ ನೀರಿಗೆ ಮೇಲೆ ಬರಲು ಇನ್ನೊಂದು ಬಿರುಕು ಸಿಕ್ಕಿದರೆ ಬುಗ್ಗೆ ಹುಟ್ಟುತ್ತದೆ. ಮಳೆ ಬಿದ್ದ ಎತ್ತರದ ಜಾಗದಿಂದ ನೀರು ಒತ್ತುತ್ತಿರುತ್ತದೆ, ಕಾದ ನೀರು ತಣ್ಣೀರಿಗಿಂತ ಹಗುರವೂ ಹೌದು, ಹಾಗಾಗಿ ಪಂಪು ಬೇಕಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಮೇಲೆ ಬರುವಾಗ ನೀರು ಬೇಗ ಬರಬೇಕು. ತಾರಸಿಯ ಮೇಲೆ ಸೋಲಾರ್ ಇರುವ ಮನೆಯವರಿಗೆ ಇದು ಚೆನ್ನಾಗಿ ಗೊತ್ತು. ಕೆಳಮನೆಯ ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ಮೊದಲ ಎರಡು ಬಕೆಟ್ ತಣ್ಣೀರು. ಆಮೇಲೆ ಬಿಸಿ ಬರುತ್ತದೆ, ಅದೂ ನಲ್ಲಿ ಪೂರ್ತಿ ಬಿಟ್ಟರೆ. ನೀರು ಉಳಿಸೋಣ ಅಂತ ಸಣ್ಣಗೆ ಬಿಟ್ಟರೆ ಎಷ್ಟು ಹೊತ್ತು ಕಾದರೂ ಉಗುರು ಬೆಚ್ಚಗಿನದೇ ಗತಿ, ಯಾಕೆಂದರೆ ಬಿಸಿಯೆಲ್ಲ ಪೈಪಿಗೇ ಹೋಗುತ್ತದೆ. ನೆಲದೊಳಗೂ ಹಾಗೇ. ಬಿರುಕು ಕಿರಿದಾಗಿದ್ದು ನೀರು ಜಿನುಗುತ್ತಾ ಬಂದರೆ ದಾರಿಯ ಕಲ್ಲಿಗೆ ಬಿಸಿ ಕೊಟ್ಟು ಕೊಟ್ಟು, ಮೇಲೆ ಬರುವಷ್ಟರಲ್ಲಿ ಅದು ಮಾಮೂಲಿ ಒರತೆ. ಆಳಕ್ಕೆ ಹೋಗಿ ಬಂದಿದ್ದರ ಗುರುತೂ ಕೈಗೆ ಸಿಗುವುದಿಲ್ಲ. ಆದರೆ ರಸಾಯನ ಬಲ್ಲವರು ಬಿಡುವುದಿಲ್ಲ. ನೀರಲ್ಲಿ ಕರಗಿರುವ ಸಿಲಿಕಾ ಅಳೆದು, ಒಳಗೆ ಅದು ಎಷ್ಟು ಬಿಸಿಯಾಗಿತ್ತು ಅಂತ ಲೆಕ್ಕ ಹಾಕುತ್ತಾರೆ, ಯಾಕೆಂದರೆ ನೀರು ಬಿಸಿಯಾದಷ್ಟೂ ಕಲ್ಲಿನ ಸಿಲಿಕಾ ಹೆಚ್ಚು ಕರಗುತ್ತದೆ. ನೀರು ಬೇಗ ತಣಿದರೂ ಆ ಸಿಲಿಕಾ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ.

ಬೇಕಾದ್ದು ಮೂರು ಅಂತಾಯಿತು: ಕೆಳಗೆ ಸಾಕಷ್ಟು ಬಿಸಿ, ಇಳಿಯಲು ದಾರಿ, ಬೇಗ ಏರಲು ದಾರಿ. ಬೆಂಗಳೂರು ಮೊದಲನೆಯದರಲ್ಲೇ ಎಡವುತ್ತದೆ.

ನೆಲದೊಳಗಿನಿಂದ ಎಷ್ಟು ಶಾಖ ಹೊರಬರುತ್ತಿದೆ ಅನ್ನುವುದನ್ನು ಅಳೆದಿದ್ದಾರೆ. ನಾವು ಕೂತಿರುವ ಧಾರವಾಡ ಶಿಲಾ ಫಲಕದಲ್ಲಿ, ಅಂದರೆ ರಾಜ್ಯದ ಬಹುಭಾಗದ ಕೆಳಗಿರುವ ಪುರಾತನ ಬಂಡೆಯ ತಳದಲ್ಲಿ, ಅದು ಚದರ ಮೀಟರಿಗೆ ಸುಮಾರು 25ರಿಂದ 50 ಮಿಲಿವ್ಯಾಟ್. ಅಂಕಿ ನೋಡಿದರೆ ಏನೂ ಅನ್ನಿಸುವುದಿಲ್ಲ, ಬೆಂಗಳೂರಿನ ಭಾಷೆಗೆ ತಂದು ನೋಡೋಣ. ಒಂದು 30-40 ಸೈಟು ಅಂದರೆ 1200 ಚದರಡಿ, ಸುಮಾರು 111 ಚದರ ಮೀಟರ್. ಚದರ ಮೀಟರಿಗೆ 40 ಮಿಲಿವ್ಯಾಟ್ ಅಂತ ಹಿಡಿದರೂ ಇಡೀ ಸೈಟಿನಡಿಯಿಂದ ಬರುವುದು ನಾಲ್ಕೂವರೆ ವ್ಯಾಟ್. ದೇವರ ಮನೆಯ ಸಣ್ಣ ಎಲ್‌ಇಡಿ ಬಲ್ಬಿಗೆ ಸಾಕಾಗುವಷ್ಟು. ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು 24ರಿಂದ 39 ಡಿಗ್ರಿಗೆ ಏರಿಸಲು, ಒಂದು ಚೂರೂ ಸೋರದೆ ಅಷ್ಟೂ ಶಾಖ ಆ ಬಕೆಟ್ಟಿಗೇ ಸೇರಿದರೂ, 58 ಗಂಟೆ ಬೇಕು. ಶುಕ್ರವಾರ ರಾತ್ರಿ ಬಕೆಟ್ ಇಟ್ಟರೆ ಸೋಮವಾರ ಬೆಳಿಗ್ಗೆ ಸ್ನಾನ.

ಬಿಸಿನೀರ ಬುಗ್ಗೆಗಳಿಗೆ ಹೆಸರಾದ ಲಡಾಖಿನ ಪುಗಾ ಕಣಿವೆಯಲ್ಲಿ ಚದರ ಮೀಟರಿಗೆ 100 ಮಿಲಿವ್ಯಾಟಿಗೂ ಹೆಚ್ಚು ಶಾಖ ಏಳುತ್ತದೆ. ಅದೂ ಒಂದು ಸೈಟಿನ ಲೆಕ್ಕದಲ್ಲಿ ಹತ್ತಾರು ವ್ಯಾಟಿನ ಮಾತೇ. ಆದರೆ ಬುಗ್ಗೆ ತನ್ನ ಬಾಯಿಯಷ್ಟಗಲದ ನೆಲದ ಶಾಖವನ್ನು ಮಾತ್ರ ನಂಬಿ ಕೂತಿಲ್ಲ. ಚದರ ಕಿಲೋಮೀಟರ್‌ಗಟ್ಟಲೆ ಹರಡಿದ ಬಿರುಕುಗಳಲ್ಲಿ ನೀರು ಹರಿದು, ಅಷ್ಟೂ ಕಲ್ಲಿನ ಶಾಖ ಹೀರಿ, ಒಂದೇ ಬಾಯಲ್ಲಿ ಕಕ್ಕುತ್ತದೆ. ಶಾಖ ಕಡಿಮೆ ಇರುವಲ್ಲಿ ಈ ಜಾಲ ಇನ್ನೂ ದೊಡ್ಡದಿರಬೇಕು, ಇನ್ನೂ ಆಳಕ್ಕಿರಬೇಕು.

ನಮ್ಮ ಕೆಳಗಿನ ಕಲ್ಲು ಎಷ್ಟು ತಣ್ಣಗಿದೆ ಅನ್ನುವುದಕ್ಕೆ ಸಾಕ್ಷಿ ನೂರು ಕಿಲೋಮೀಟರ್ ದೂರದ ಕೆಜಿಎಫ್‌ನಲ್ಲಿದೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ ಇಳಿದಿತ್ತು. 2001ರಲ್ಲಿ ಮುಚ್ಚುವವರೆಗೂ ಅದು ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸು. ಅಲ್ಲಿ ನಿಂತು ಕೆಲಸ ಮಾಡಿದವರಿಗೆ ಅದು ಕುಲುಮೆಯೇ, ತಂಪು ಗಾಳಿ ಕಳಿಸದೆ ಬದುಕುವಂತಿರಲಿಲ್ಲ. ಲೋಕದ ಸರಾಸರಿಯ ಪ್ರಕಾರವಾಗಿದ್ದರೆ ಆ ಆಳದಲ್ಲಿ ಕಲ್ಲು 100 ಡಿಗ್ರಿ ದಾಟಬೇಕಿತ್ತು. 65ರಲ್ಲೇ ನಿಂತದ್ದರಿಂದಲೇ ಅಷ್ಟು ಆಳ ಹೋಗಲು ಸಾಧ್ಯವಾಯಿತು ಅನ್ನಬಹುದು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹೆಚ್ಚೂಕಡಿಮೆ 13 ಡಿಗ್ರಿ ಏರಿಕೆ, ಅಂದರೆ ಲೋಕದ ಸರಾಸರಿಯ ಅರ್ಧ. ಈ ಲೆಕ್ಕದಲ್ಲಿ 40 ಡಿಗ್ರಿಯ ನೀರು ಬೇಕೆಂದರೆ ಮಳೆ ನೀರು ಒಂದೂಕಾಲು ಕಿಲೋಮೀಟರ್ ಇಳಿಯಬೇಕು, ಅಲ್ಲಿಂದ ಒಂದು ಡಿಗ್ರಿಯೂ ಕಳೆದುಕೊಳ್ಳದೆ ಮೇಲೆ ಬರಬೇಕು.

ಬೋರ್‌ವೆಲ್ ಕೊರೆಸಿದವರಿಗೆ ಇದರ ಅನುಭವ ಸ್ವಲ್ಪ ಮಟ್ಟಿಗೆ ಆಗಿರುತ್ತದೆ. 1200 ಅಡಿ ಕೊರೆದು ಬಂದ ನೀರು ಚಳಿಗಾಲದಲ್ಲಿ ಒಳ್ಳೇ ಬೆಚ್ಚಗಿರುತ್ತದೆ, ಬೇಸಿಗೆಯಲ್ಲೂ ತಣ್ಣಗೆ ಅನ್ನಿಸುವುದಿಲ್ಲ. 1200 ಅಡಿ ಅಂದರೆ 365 ಮೀಟರ್. ಐದು ಡಿಗ್ರಿ ಸೇರಿಸಿದರೆ 29. ನಮ್ಮ ಅಪಾರ್ಟ್‌ಮೆಂಟಿನ ಹಳೇ ಬೋರು ಬತ್ತಿ ಹೊಸದು ಕೊರೆಸಿದಾಗ, ‘ಬಿಸಿನೀರು ಬರ್ತಿದೆ, ಇನ್ಮೇಲೆ ಗೀಸರ್ ಬೇಡ’ ಅಂತ ಒಬ್ಬರು ತಮಾಷೆ ಮಾಡಿದ್ದರು. ಅಷ್ಟು ಆಳಕ್ಕೆ ಹೋಗಿ ನೀರು ಹುಡುಕುತ್ತಿದ್ದೇವೆ ಅನ್ನುವುದು ತಮಾಷೆಯ ವಿಷಯವಾಗಿರಲಿಲ್ಲ.

ಕಲ್ಲು ಹೀಗೆ ತಣ್ಣಗಿರಲು ಕಾರಣ ಅದರ ವಯಸ್ಸು. ಲಾಲ್‌ಬಾಗಿನ ಗುಡ್ಡದ ಮೇಲೆ ಕೆಂಪೇಗೌಡರ ಗೋಪುರದ ಕೆಳಗೆ ಕಡಲೆಕಾಯಿ ತಿನ್ನುತ್ತಾ ಕೂರುತ್ತೇವಲ್ಲ, ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲೇ ಫಲಕ ನೆಟ್ಟಿದ್ದಾರೆ. ರಾಮನಗರದ ಬೆಟ್ಟಗಳ ಗ್ರಾನೈಟು ಅದಕ್ಕಿಂತ ಚಿಕ್ಕದು, 250 ಕೋಟಿ. ಭೂಮಿಯ ಹೊರಚಿಪ್ಪಿನಲ್ಲಿ ಹುಟ್ಟುವ ಶಾಖಕ್ಕೆ ದೊಡ್ಡ ಮೂಲ ಕಲ್ಲಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ. ಕೋಟ್ಯಂತರ ವರ್ಷಗಳಲ್ಲಿ ಈ ಮೂಲವಸ್ತುಗಳು ಮೇಲ್ಪದರಕ್ಕೆ ಸರಿದು, ಆ ಮೇಲ್ಪದರ ಸವೆದು ಹೊಳೆಗಳ ಪಾಲಾಗಿದೆ. ಉಳಿದದ್ದು ದಪ್ಪನೆಯ, ತಣಿದ, ಗಟ್ಟಿ ತಳ. ಭೂಕಂಪದ ಭಯ ನಮಗೆ ಕಡಿಮೆ ಇರುವುದೂ ಈ ತಳದಿಂದಲೇ. ಎಳೆಯ, ಆಳದ, ಈಗಲೂ ಅಲುಗುವ ಬಿರುಕುಗಳು ಇಲ್ಲಿ ಕಡಿಮೆ. ಹಿಮಾಲಯದಲ್ಲಿ ಎರಡು ಭೂಖಂಡಗಳು ಇನ್ನೂ ಡಿಕ್ಕಿ ಹೊಡೆಯುತ್ತಿವೆ, ಕಲ್ಲು ಬಿಸಿಯಾಗಿದೆ, ಬಿರುಕುಗಳು ತೆರೆದುಕೊಂಡೇ ಇವೆ. ಅದಕ್ಕೇ ಮಣಿಕರಣದ ಕುಂಡದಲ್ಲಿ ಅಕ್ಕಿಯ ಗಂಟು ಇಳಿಬಿಟ್ಟು ಅನ್ನ ಬೇಯಿಸುತ್ತಾರೆ, ಬದರಿಯ ಹಿಮದ ನಡುವೆ ತಪ್ತಕುಂಡದಲ್ಲಿ ಮೀಯುತ್ತಾರೆ. ಬಿಸಿನೀರ ಬುಗ್ಗೆ ಬೇಕು, ಆದರೆ ನೆಲ ಅಲುಗಬಾರದು ಅಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಹಾಗಾದರೆ ಮುಂಬೈ? ಅದೇನು ಹಿಮಾಲಯವಲ್ಲವಲ್ಲ. ಕೊಂಕಣದ ಬುಗ್ಗೆಗಳು ದಖನ್ನಿನ ಲಾವಾ ಕಲ್ಲಿನ ನಡುವೆ ಇರುವುದರಿಂದ ಅದು ಹಳೇ ಜ್ವಾಲಾಮುಖಿಯ ಬಿಸಿ ಅಂತ ತುಂಬ ಜನ ನಂಬಿದ್ದಾರೆ. ಆ ಲಾವಾ ಹರಿದು ಆರೂವರೆ ಕೋಟಿ ವರ್ಷವಾಯಿತು, ಯಾವತ್ತೋ ಆರಿಹೋಗಿದೆ. ಅಲ್ಲಿ ಕೆಲಸ ಮಾಡುವುದು ಕಡಲ ತೀರಕ್ಕೆ ಉದ್ದಕ್ಕೂ ಸಮಾನಾಂತರವಾಗಿ ಓಡುವ ಆಳದ ಸೀಳುಗಳು, ಘಟ್ಟದ ಮೇಲೆ ಸುರಿಯುವ ಮಳೆ, ಅಷ್ಟು ಎತ್ತರದಿಂದ ಒತ್ತುವ ನೀರು. ಪಾಲ್ಘರ್ ಕಡೆಯಿಂದ ರತ್ನಾಗಿರಿಯವರೆಗೆ ಬುಗ್ಗೆಗಳು ಒಂದು ದಾರದಲ್ಲಿ ಪೋಣಿಸಿದ ಹಾಗೆ ಸಾಲಾಗಿ ಬರುತ್ತವೆ. ಸಾಲು ಕಂಡಿತೆಂದರೆ ಕೆಳಗೆ ಸೀಳಿದೆ ಅಂತಲೇ ಅರ್ಥ.

ಅದೇ ಪಡುವಣ ಕರಾವಳಿಯಲ್ಲಿ ದಕ್ಷಿಣಕ್ಕೆ ಬಂದರೆ ನಮ್ಮ ರಾಜ್ಯದ ಪಾಲಿಗೆ ಒಂದು ಹೆಸರು ಸಿಗುತ್ತದೆ: ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಹಳೇ ಕನ್ನಡದ ‘ಬೆನ್ನೀರು’, ತಮಿಳಿನ ‘ವೆನ್ನೀರ್’ ಇದೇ ಮನೆತನದವು. ಬುಗ್ಗೆ ಹುಡುಕುವವರಿಗೆ ಊರ ಹೆಸರಿಗಿಂತ ಒಳ್ಳೆಯ ನಕ್ಷೆ ಇಲ್ಲ. ಮರಾಠಿಯವರ ಉನ್ಹವರೆ, ಉನ್ಹೆರೆ, ರಾಜಾಪುರದ ಹತ್ತಿರದ ಉನ್ಹಾಳೆ ಎಲ್ಲದರಲ್ಲೂ ‘ಬಿಸಿ’ ಅನ್ನುವ ಮಾತೇ ಕೂತಿದೆ. ಹಿಮಾಚಲದಲ್ಲೊಂದು ತತ್ತಾಪಾನಿ, ಛತ್ತೀಸ್‌ಗಢದಲ್ಲೊಂದು, ಒಡಿಶಾದಲ್ಲಿ ತಪ್ತಪಾನಿ. ನೀರು ಮುಟ್ಟಿ ನೋಡಿದ ಜನ ಇಟ್ಟ ಹೆಸರುಗಳು ಇವು. ಬೆಂಗಳೂರಿನ ಸುತ್ತ ಹಳ್ಳಿಗಳ ಹೆಸರಲ್ಲಿ ಕೆರೆ, ಕಟ್ಟೆ, ಕುಂಟೆ, ಹಳ್ಳ ಬೇಕಾದಷ್ಟಿವೆ, ಬಿಸಿನೀರು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಬೆಂದ್ರ್ ತೀರ್ಥ ಸೀರೆ ಹೊಳೆಯ ದಡದಲ್ಲಿದೆ, ಪುತ್ತೂರು ಪೇಟೆಯಿಂದ ಬೆಟ್ಟಂಪಾಡಿ ಕಡೆಗೆ ಸುಮಾರು 15 ಕಿಲೋಮೀಟರ್. ನೀರಿನ ಬಿಸಿ 37ರಿಂದ 40 ಡಿಗ್ರಿ ಆಸುಪಾಸು. ಮಣಿಕರಣದ ಹೊಗೆಯಾಡುವ ಕುಂಡ ನೆನೆಸಿಕೊಂಡು ಹೋದರೆ ನಿರಾಸೆಯಾಗುತ್ತದೆ. ಮನೆಯಲ್ಲಿ ಹದ ಮಾಡಿಕೊಂಡ ಸ್ನಾನದ ನೀರಿನಷ್ಟು ಬಿಸಿ, ಒಂದು ಸಣ್ಣ ಕೊಳ, ಸುತ್ತ ಹಸಿರು, ಅಷ್ಟೆ. ಕರಾವಳಿಯ ಸರಾಸರಿ 27 ಡಿಗ್ರಿ ಅಂತ ಹಿಡಿದರೆ ಇದು ಹತ್ತು ಹನ್ನೆರಡು ಡಿಗ್ರಿ ಹೆಚ್ಚು. ಭಾರಿ ಆಳವೇನೂ ಬೇಕಿಲ್ಲ, ಕಿಲೋಮೀಟರಿನ ಆಸುಪಾಸು ಹೋಗಿಬಂದರೂ ಸಾಕು. ನನಗೆ ಈ ಸಾಧಾರಣತನವೇ ಇಷ್ಟ. ಇದೂ ಅದೇ ಹಳೇ ತಣ್ಣನೆಯ ಶಿಲೆಯ ಅಂಚು. ಆ ಅಂಚಿನಲ್ಲಿ ಎಲ್ಲೋ ಒಂದು ಸೀಳು ಸರಿಯಾಗಿ ಕೂಡಿಬಂದಿದೆ.

ದೂರ ಮಾತ್ರ ಬೆಂಗಳೂರಿನಿಂದ 300 ಕಿಲೋಮೀಟರಿಗೂ ಹೆಚ್ಚು. ಶಿರಾಡಿ ಘಾಟಿಯಲ್ಲಿ ಹೋದರೂ, ಮಡಿಕೇರಿ-ಸುಳ್ಯದ ಮೇಲೆ ಹೋದರೂ ಏಳೆಂಟು ಗಂಟೆ. ಒಂದೇ ದಿನದಲ್ಲಿ ಹೋಗಿ ಬರುತ್ತೇನೆ ಅನ್ನುವುದು ಕಾರಿನಲ್ಲಿ ಹದಿನೈದು ಗಂಟೆ ಕೂರುವ ಹಟ. ಮಂಡಿ ನೋವಿಗೆ ಅದಕ್ಕಿಂತ ಕೆಟ್ಟ ಔಷಧಿ ಇಲ್ಲ. ಶುಕ್ರವಾರ ರಾತ್ರಿ ಬಸ್ಸೋ ರೈಲೋ ಹತ್ತಿದರೆ ಬೆಳಿಗ್ಗೆ ಪುತ್ತೂರು. ರೈಲಾದರೆ ಸ್ಟೇಷನ್ನಿನ ಹೆಸರು ಕಬಕ ಪುತ್ತೂರು. ಮಳೆಗಾಲದಲ್ಲಿ ಹೋಗುವುದು ಬೇಡ. ಪಕ್ಕದಲ್ಲೇ ಹೊಳೆ, ಮೇಲಿನ ತಣ್ಣೀರು ಬೆರೆತರೆ ಬಿಸಿಯೂ ಸಿಗುವುದಿಲ್ಲ, ದಡದಲ್ಲಿ ಜಾರುವ ಭಯ ಬೇರೆ. ಕಡುಬೇಸಿಗೆಯೂ ಬೇಡ. ಅಡಿಕೆ ತೋಟಗಳ ನಾಡು ಅದು, ತೋಟಕ್ಕೆ ಬೋರ್‌ವೆಲ್ ಬೇಕೇ ಬೇಕು. ಬುಗ್ಗೆ ಮೇಲೇಳುವುದು ನೆಲದಡಿಯ ನೀರಿನ ಒತ್ತಡದಿಂದ. ಸುತ್ತ ಆಳಕ್ಕೆ ಕೊರೆದು ಎತ್ತುತ್ತಾ ಹೋದರೆ ಆ ಒತ್ತಡ ಇಳಿಯುತ್ತದೆ. ನವೆಂಬರಿನಿಂದ ಫೆಬ್ರವರಿ ನಡುವೆ, ಹೊರಡುವ ಮುನ್ನ ಆ ಕಡೆಯವರನ್ನು ಯಾರನ್ನಾದರೂ ‘ನೀರಿದೆಯಾ’ ಅಂತ ಕೇಳಿಕೊಂಡು ಹೋಗುವುದು ಒಳ್ಳೆಯದು.

ಬಿಸಿನೀರ ಬುಗ್ಗೆಗಳ ಹತ್ತಿರ ಕೆಲವೊಮ್ಮೆ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ. ಗಂಧಕದ ವಾಸನೆ ಅನ್ನುತ್ತೇವೆ. ಸರಿಯಾಗಿ ಹೇಳಬೇಕೆಂದರೆ ಅದು ಹೈಡ್ರೋಜನ್ ಸಲ್ಫೈಡ್ ಅನಿಲ, ಶುದ್ಧ ಗಂಧಕಕ್ಕೆ ಅಷ್ಟು ವಾಸನೆ ಇಲ್ಲ. ಬೆಳ್ಳಿ ಕಾಲ್ಗೆಜ್ಜೆ, ಉಡಿದಾರ ಹಾಕಿಕೊಂಡು ಇಳಿದರೆ ಕಪ್ಪಾಗಿ ಹೊರಬರುತ್ತವೆ. ಪಾಪ ತೊಳೆದು ಬೆಳ್ಳಿಗೆ ಬಂತು ಅಂತ ಯಾರಾದರೂ ಹೇಳಿದರೆ ನಗಬೇಡಿ, ಬೆಳ್ಳಿ ಮತ್ತು ಸಲ್ಫೈಡ್ ಸೇರಿ ಆದ ಕಪ್ಪು ಪದರ ಅದು, ಉಜ್ಜಿದರೆ ಹೋಗುತ್ತದೆ. ಬಯಲಿನಲ್ಲಿ ಈ ಅನಿಲದಿಂದ ಸಾಮಾನ್ಯವಾಗಿ ಹೆದರಿಕೆ ಇಲ್ಲ. ಬಾಗಿಲು ಮುಚ್ಚಿದ ಸ್ನಾನದ ಕೋಣೆಗಳಲ್ಲಿ ತಲೆಸುತ್ತು ಬಂದರೆ ಕೂಡಲೇ ಹೊರಗೆ ಬರಬೇಕು.

ಇನ್ನೊಂದು ಎಚ್ಚರ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಮೆದುಳು ತಿನ್ನುವ ಅಮೀಬಾ ಅಂತ ಕೇರಳದಿಂದ 2024, 2025ರಲ್ಲಿ ಸುದ್ದಿ ಬರುತ್ತಿತ್ತಲ್ಲ, ಅವುಗಳಲ್ಲಿ ಹೆಚ್ಚು ಹೆಸರಾದ ನೆಗ್ಲೇರಿಯಾ ಫೌಲೆರಿಗೆ ಬೆಚ್ಚಗಿನ ಸಿಹಿನೀರು ಅಂದರೆ ಪ್ರೀತಿ. 45 ಡಿಗ್ರಿವರೆಗಿನ ಬಿಸಿಯಲ್ಲೂ ಅದು ಬೆಳೆಯಬಲ್ಲದು. ರೋಗ ತೀರಾ ಅಪರೂಪ, ಬಂದರೆ ಬದುಕುವವರೂ ಅಪರೂಪ. ಕುಡಿದರೆ ಬರುವುದಿಲ್ಲ, ಮೂಗಿನ ಮೂಲಕ ಮಾತ್ರ ಒಳಗೆ ಹೋಗುತ್ತದೆ. ಹಾಗಾಗಿ ನಿಂತ ಬೆಚ್ಚನೆ ನೀರಿನಲ್ಲಿ ಮುಳುಗು ಹಾಕುವುದು, ಮಕ್ಕಳು ಜಿಗಿಯುವುದು ಬೇಡ. ಕುತ್ತಿಗೆವರೆಗೆ ಇಳಿಯಿರಿ, ಇಲ್ಲವೇ ಚೊಂಬಿನಲ್ಲಿ ಮೈಮೇಲೆ ಹುಯ್ದುಕೊಳ್ಳಿ. ಕೊಳಕ್ಕೆ ಸೋಪು, ಶಾಂಪೂ ಇಳಿಸಬೇಡಿ. ನಲವತ್ತರ ಮೇಲಿನ ಬಿಸಿಯಲ್ಲಿ ಕಾಲು ಗಂಟೆಗಿಂತ ಹೆಚ್ಚು ಕೂತರೆ ಎದ್ದಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಬಸುರಿಯರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯುವುದು ಬೇಡ.

ಭಾನುವಾರವೊಂದೇ ಇರುವವರಿಗೆ ಬಿಸಿಯನ್ನು ಬಿಟ್ಟುಕೊಟ್ಟರೆ ಬುಗ್ಗೆಗಳಿಗೇನೂ ಬರವಿಲ್ಲ. ಕೋಲಾರದ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ನೀರು ಬೀಳುತ್ತದೆ. ದೇವರಾಯನದುರ್ಗದ ಕೆಳಗೆ ನಾಮದ ಚಿಲುಮೆಯಲ್ಲಿ ಬಂಡೆಯ ಒಂದು ಸಣ್ಣ ಕುಳಿಯಿಂದ ನೀರು ಉಕ್ಕುತ್ತದೆ, ರಾಮ ಬಾಣ ಬಿಟ್ಟು ತರಿಸಿದ ನೀರು ಅನ್ನುತ್ತಾರೆ. ಇದೇ ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡದ ಕಡೆ ತಲಪರಿಗೆಗಳಿವೆ. ಮರಳು ನೆಲದಲ್ಲಿ ಒರತೆ ಇರುವ ಜಾಗ ನೋಡಿ ಅಗೆದು, ಕಲ್ಲು ಕಟ್ಟಿ, ಕಾಲುವೆ ತೆಗೆದು, ಬರಗಾಲದಲ್ಲೂ ಹೊಲಕ್ಕೆ ನೀರು ಹರಿಸುತ್ತಿದ್ದ ಏರ್ಪಾಡು. ಸರದಿಯ ಮೇಲೆ ಎಲ್ಲರೂ ಹೂಳೆತ್ತುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಬಹಳಷ್ಟು ಬತ್ತಿದವು, ಕೆಲವನ್ನು ಊರವರು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಬಿಸಿನೀರ ವಿಡಿಯೊ ನೋಡಿ ಮೋಸ ಹೋಗುವ ಬದಲು ನೀರಾಡುವ ತಲಪರಿಗೆಯೊಂದನ್ನು ಹುಡುಕಿ ಹೋಗಿ ಬನ್ನಿ ಅಂತ ನಾನಂತೂ ಹೇಳುತ್ತೇನೆ.

ಮಾಗಡಿಯಿಂದ ವಾಪಸ್ಸು ಬರುವಾಗ ಕಾರಿನಲ್ಲಿ ಇಷ್ಟನ್ನೂ ಅತ್ತಿಗೆಗೆ ಹೇಳಿದೆ. 30-40 ಸೈಟಿನ ಲೆಕ್ಕ ಅವರಿಗೆ ಹಿಡಿಸಿತು, ‘ಅಷ್ಟೇನಾ?’ ಅಂತ ಎರಡು ಸಲ ಕೇಳಿದರು. ಮಂಡಿಯ ವಿಷಯಕ್ಕೆ ಬಂದಾಗ, ಬಿಸಿ ತಾಗಿದರೆ ಬಿಗಿ ಸಡಿಲವಾಗಿ ಹಾಯೆನಿಸುವುದು ನಿಜ, ಆ ಬಿಸಿ ನೆಲದಡಿಯಿಂದ ಬಂದರೂ ಒಂದೇ ಗೀಸರಿನಿಂದ ಬಂದರೂ ಒಂದೇ ಅಂದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತರು. ನೈಸ್ ರೋಡ್ ಟೋಲ್ ಹತ್ತಿರ ಬಂದಾಗ ಕೇಳಿದರು: ‘ಪುತ್ತೂರಿಗೆ ರಾತ್ರಿ ರೈಲಿದೆ ಅಂದೆಯಲ್ಲ, ಲೋಯರ್ ಬರ್ತ್ ಸಿಗುತ್ತಾ?’